ಮನೆಗೆ ಬರುವ ಸಾಮಾನು, ಊರಿಗೆ ಬರುವ ಬಿಸಿಲು

ದಸರಾಕ್ಕೆ ಮುಂಚೆ ಮೈಸೂರಿನ ಮನೆಗಳಲ್ಲಿ ದೊಡ್ಡ ಕ್ಲೀನಿಂಗ್ ನಡೆಯುತ್ತದೆ. ಗೊಂಬೆ ಪೆಟ್ಟಿಗೆ ಇಳಿಸಲು ಸಜ್ಜದ ಮೇಲೆ ಹತ್ತಿದವರಿಗೆ ಅಲ್ಲಿ ಇನ್ನೇನೇನೋ ಸಿಗುತ್ತದೆ. ಕೆಟ್ಟ ಮಿಕ್ಸಿ, ಹಳೇ ಟಿವಿ, ಮಕ್ಕಳು ಬಿಟ್ಟ ಸೈಕಲ್ಲು, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದು ಕವರೂ ಬಿಚ್ಚದ ಡಬ್ಬಿ ಸೆಟ್ಟು. ಅರ್ಧ ಗುಜರಿಗೆ ಹೋಗುತ್ತದೆ. ಆಯುಧಪೂಜೆ ಹೊತ್ತಿಗೆ ಮನೆ ಹಗುರ ಅನ್ನಿಸುತ್ತದೆ. ಮೂರು ವಾರ ಕಳೆದರೆ ದೀಪಾವಳಿ. ಅಂಗಡಿಗಳಲ್ಲಿ ಎಕ್ಸ್‌ಚೇಂಜ್ ಆಫರ್, ಬಡ್ಡಿಯಿಲ್ಲದ ಇಎಂಐ. ಖಾಲಿಯಾದ ಜಾಗ ಮತ್ತೆ ತುಂಬುತ್ತದೆ.

ಇಂಥ ಕ್ಲೀನಿಂಗನ್ನೇ ಭೂಮಿ ಉಳಿಸುವ ಕೆಲಸ ಅಂತ ಹೇಳುವುದು ಈಗ ಜಾಸ್ತಿಯಾಗಿದೆ. ಸಾಮಾನು ಕಮ್ಮಿ ಇಟ್ಟುಕೊಂಡು ಬದುಕಿದರೆ ಹವಾಮಾನಕ್ಕೆ ಒಳ್ಳೆಯದು ಎಂಬ ಮಾತಿನಲ್ಲಿ ಸತ್ಯ ಇದೆ. ಆದರೆ ಕಮ್ಮಿ ಮಾಡುವುದು ಎಂದರೆ ಹೊರಗೆ ಹಾಕುವುದು ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಸಜ್ಜದ ಮೇಲಿರುವ ಟಿವಿ ಮಾಡಬೇಕಾದ ಹಾನಿಯನ್ನು ಆಗಲೇ ಮಾಡಿ ಮುಗಿಸಿದೆ. ಗಣಿಯಿಂದ ಲೋಹ ತೆಗೆದಾಗ, ಕಾರ್ಖಾನೆಯಲ್ಲಿ ಅದು ತಯಾರಾದಾಗ, ನಮ್ಮ ಮನೆಯ ಹಾಲ್‌ನಲ್ಲಿ ವರ್ಷಗಟ್ಟಲೆ ಓಡಿದಾಗ ಭೂಮಿಯನ್ನು ಬಿಸಿ ಮಾಡುವ ಕಾರ್ಬನ್ ಆಗಲೇ ಗಾಳಿ ಸೇರಿದೆ. ಇವತ್ತು ಗುಜರಿಗೆ ಹಾಕಿದರೆ ಅದು ವಾಪಸ್ ಬರುವುದಿಲ್ಲ. ಹಾಗಾಗಿ ನಾವು ಕಾಯಬೇಕಾದ್ದು ಸಾಮಾನು ಒಳಗೆ ಬರುವ ಬಾಗಿಲನ್ನು.

ಇನ್ನೊಂದು ವಿಷಯವೂ ಇದೆ. ಎಲ್ಲ ಸಾಮಾನೂ ಒಂದೇ ತೂಕದ್ದಲ್ಲ. ಬೀರುವಿನಲ್ಲಿ ಎಷ್ಟು ಶರ್ಟು, ಅಡುಗೆಮನೆಯಲ್ಲಿ ಎಷ್ಟು ಲೋಟ ಅಂತ ಎಣಿಸುತ್ತಾ ಕೂತರೆ ದೊಡ್ಡ ಬಾಬ್ತುಗಳು ಕಣ್ಣಿಗೇ ಬೀಳುವುದಿಲ್ಲ. ಮನೆಯ ಕಟ್ಟಡ, ಮನೆ ಮುಂದಿನ ವಾಹನ, ಕರೆಂಟು ತಿನ್ನುವ ಯಂತ್ರಗಳು, ತಟ್ಟೆಯಲ್ಲಿರುವ ಊಟ. ಒಂದು ಮನೆಯ ಲೆಕ್ಕದಲ್ಲಿ ಬಹುಪಾಲು ಇಲ್ಲೇ ಇರುತ್ತದೆ.

ಇದನ್ನು ಕಾವೇರಿ ಸೀಮೆಯಲ್ಲಿ ಕೂತು ಬರೆಯುವಾಗ ವಿಷಯ ದೂರದ್ದು ಅನ್ನಿಸುವುದಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. 124.80 ಅಡಿಯ ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ಸೆಪ್ಟೆಂಬರಿನಲ್ಲಿ ಮಂಡ್ಯ ಬಂದ್ ಆಯಿತು. ನಾಲೆ ನೀರು ನಂಬಿ ಬೇಸಾಯ ಮಾಡುವವರು ಆ ವರ್ಷ ಪಟ್ಟ ಪಾಡು ಹತ್ತಿರದಿಂದ ನೋಡಿದವರಿಗೇ ಗೊತ್ತು. ಆ ವರ್ಷದ ಮಳೆ ಕೊರತೆಗೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೋ ದೊಡ್ಡ ಕಾರಣ, ನಿಜ. ಆದರೆ ಬಿಸಿಯೇರಿದ ಭೂಮಿಯ ಮೇಲೆ ಅದೇ ಬರ ಇನ್ನೂ ಬಿಗಿಯಾಗುತ್ತದೆ. ಮಣ್ಣು ಬೇಗ ಒಣಗುತ್ತದೆ, ಕೆರೆ ಕಟ್ಟೆಯ ನೀರು ಜಾಸ್ತಿ ಆವಿಯಾಗುತ್ತದೆ. 2024 ಇಡೀ ಜಗತ್ತಿಗೆ ದಾಖಲೆಯ ಬಿಸಿ ವರ್ಷವಾಯಿತು. ಕೈಗಾರಿಕಾ ಕ್ರಾಂತಿಗೆ ಮುಂಚಿನ ಸರಾಸರಿಗಿಂತ ಸುಮಾರು 1.55 ಡಿಗ್ರಿ ಹೆಚ್ಚು ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿತು.

ಮೊದಲು ಅಳತೆಗೋಲು

ಲೆಕ್ಕಕ್ಕೆ ನಾಲ್ಕೈದು ಅಂಕಿ ನೆನಪಿದ್ದರೆ ಸಾಕು. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿ ಸೇರುತ್ತದೆ. ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ನೀರಿನಿಂದ ಕರೆಂಟು ಹುಟ್ಟಿದ್ದು ನಮಗೆಲ್ಲ ಹೆಮ್ಮೆ. ಆದರೆ ಇವತ್ತು ಮನೆಗೆ ಬರುವ ಕರೆಂಟು ಒಂದೇ ಜಲಪಾತದ್ದಲ್ಲ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳೂ ಅದೇ ಜಾಲದಲ್ಲಿವೆ. ಬಿಸಿಲಿರುವಾಗ ಸೋಲಾರ್ ಕರೆಂಟು ಬೇಕಾದಷ್ಟು ಬರುತ್ತದೆ. ಸಂಜೆ ಎಲ್ಲರೂ ಸ್ವಿಚ್ ಒತ್ತುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆಗ ಹೆಚ್ಚಾಗಿ ಕಲ್ಲಿದ್ದಲೇ ಆಸರೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆಜಿ. 14.2 ಕೆಜಿಯ ಒಂದು ಸಿಲಿಂಡರ್ ಗ್ಯಾಸ್ ಖಾಲಿಯಾದರೆ ಸುಮಾರು 42 ಕೆಜಿ. ಇನ್ನು ತಲಾವಾರು ಲೆಕ್ಕ. ಒಬ್ಬ ಭಾರತೀಯನ ಹೆಸರಿಗೆ ವರ್ಷಕ್ಕೆ ಸರಾಸರಿ 2 ಟನ್ ಕಾರ್ಬನ್ ಡೈಆಕ್ಸೈಡ್ ಬೀಳುತ್ತದೆ. ಜಗತ್ತಿನ ಸರಾಸರಿ 4.7 ಟನ್ ಆಸುಪಾಸು. ಅಮೆರಿಕದವರದು 14 ಟನ್ ದಾಟುತ್ತದೆ.

ಹಾಗಾದರೆ ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು, ಅಲ್ವಾ? ಈ ಪ್ರಶ್ನೆ ನ್ಯಾಯವಾದದ್ದು. ಸರಾಸರಿಯೊಳಗೆ ಅಡಗಿರುವುದನ್ನು ನೋಡಿದರೆ ಉತ್ತರ ಸಿಗುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2022ರ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಹೊರಸೂಸುವ ಶೇ. 10ರಷ್ಟು ಕುಟುಂಬಗಳೇ ಮನೆಬಳಕೆಯ ಒಟ್ಟು ಹೊರಸೂಸುವಿಕೆಯಲ್ಲಿ ಶೇ. 34ರಿಂದ 45ರಷ್ಟಕ್ಕೆ ಕಾರಣ. ಕೆಳಗಿನ ಅರ್ಧ ಜನರ ಪಾಲು ಶೇ. 13ರಿಂದ 15 ಮಾತ್ರ. ಭಾರತದ ಒಳಗೂ ಇಂಥದ್ದೇ ಅಂತರ ಇದೆ. ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಕೂಲಿ ಮಾಡುವ ಕುಟುಂಬಕ್ಕೂ, ಮೈಸೂರಿನ ರಿಂಗ್ ರಸ್ತೆ ಬಡಾವಣೆಯಲ್ಲಿ ಎರಡು ಕಾರು, ಮೂರು ಎಸಿ ಇಟ್ಟುಕೊಂಡ ಕುಟುಂಬಕ್ಕೂ ಒಂದೇ ಉಪದೇಶ ಕೊಡುವುದು ತಪ್ಪು. ಮೊದಲನೆಯವರಿಗೆ ಇನ್ನೂ ಸಾಮಾನು ಬೇಕು. ಫ್ಯಾನು ಬೇಕು, ಫ್ರಿಡ್ಜು ಬೇಕು, ಹೊಗೆಯಿಲ್ಲದ ಒಲೆ ಬೇಕು. ಈ ಲೇಖನ ಎರಡನೆಯವರನ್ನು ಉದ್ದೇಶಿಸಿದ್ದು. ಅವರಂತೆ ಆಗುವ ಹಾದಿಯಲ್ಲಿರುವ ನಮ್ಮಂಥ ನಡುವಿನವರನ್ನೂ.

ಈ ಹಾದಿಯಲ್ಲಿ ನಾವು ಎಷ್ಟು ಬೇಗ ನಡೆಯುತ್ತಿದ್ದೇವೆ ಎಂಬುದಕ್ಕೆ ಕೇಂದ್ರ ಸರ್ಕಾರದ ಮನೆ ಖರ್ಚಿನ ಸಮೀಕ್ಷೆಯೇ ಸಾಕ್ಷಿ. 2022-23ರ ಸಮೀಕ್ಷೆಯಲ್ಲಿ ಹಳ್ಳಿಗರ ತಿಂಗಳ ಖರ್ಚಿನಲ್ಲಿ ಊಟದ ಪಾಲು ಶೇ. 46ಕ್ಕೆ ಇಳಿದಿತ್ತು, ಪಟ್ಟಣದವರದು ಶೇ. 39ಕ್ಕೆ. ಉಳಿದ ದುಡ್ಡು ಓಡಾಟ, ಬಟ್ಟೆ, ಯಂತ್ರ, ಮನರಂಜನೆ ಹೀಗೆ ಬೇರೆ ಬೇರೆ ಕಡೆ ಹರಿಯುತ್ತಿದೆ. ಇದರಲ್ಲಿ ಬಡತನ ಕಮ್ಮಿಯಾದ ಒಳ್ಳೆಯ ಸುದ್ದಿಯೂ ಇದೆ. ಆ ದುಡ್ಡು ಯಾವ ಕಡೆ ಹರಿಯಬೇಕು ಎಂಬುದಷ್ಟೇ ಈಗಿನ ಪ್ರಶ್ನೆ.

ಮೇಲಿನ ಮಹಡಿ

ನನ್ನ ಪ್ರಕಾರ ನಮ್ಮ ಕಡೆ ಯಾರೂ ಮಾತಾಡದ, ಆದರೆ ಎಲ್ಲಕ್ಕಿಂತ ಭಾರವಾದ ಸಾಮಾನು ಎಂದರೆ ಮನೆಯೇ. ಮೈಸೂರಿನ ಬೋಗಾದಿ, ವಿಜಯನಗರ ನಾಲ್ಕನೇ ಹಂತದ ಕಡೆ ಒಂದು ಸುತ್ತು ಬನ್ನಿ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ನಾಲ್ಕು ಬೆಡ್‌ರೂಮು. ಮಗ ಬಂದರೆ ಇರಲಿ ಅಂತ ಕಟ್ಟಿಸಿದ ಮೇಲಿನ ಮಹಡಿ. ಮಗ ಹೊರದೇಶದಲ್ಲೋ ಬೆಂಗಳೂರಲ್ಲೋ ಇರುತ್ತಾನೆ. ವರ್ಷದಲ್ಲಿ ಹೆಚ್ಚು ದಿನ ಆ ಕೋಣೆಗಳಿಗೆ ಬೀಗ.

ಲೆಕ್ಕ ಹಾಕೋಣ. ಸಿಮೆಂಟ್ ಮಾಡುವಾಗ ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಡುತ್ತಾರೆ. ಸುಡಲು ಬಳಸುವ ಇಂಧನದಿಂದ ಕಾರ್ಬನ್ ಬರುತ್ತದೆ. ಅದರ ಜೊತೆಗೆ ಕಲ್ಲಿನೊಳಗೇ ಇರುವ ಕಾರ್ಬನ್ನೂ ಬಿಡುಗಡೆಯಾಗುತ್ತದೆ. ಹಾಗಾಗಿ ಬರೀ ಇಂಧನ ಬದಲಿಸಿದರೆ ಈ ಸಮಸ್ಯೆ ಬಗೆಹರಿಯುವುದಿಲ್ಲ. ಜಗತ್ತಿನ ಕಾರ್ಬನ್ ಡೈಆಕ್ಸೈಡಿನಲ್ಲಿ ಸಿಮೆಂಟಿನ ಪಾಲೇ ಶೇ. 7ರಿಂದ 8. ಒಂದು 50 ಕೆಜಿ ಮೂಟೆಗೆ ಸುಮಾರು 30 ಕೆಜಿ ಅಂತ ಇಟ್ಟುಕೊಳ್ಳಿ. ಚದರ ಅಡಿಗೆ 0.4 ಮೂಟೆ ಸಿಮೆಂಟು, ಮೂರೂವರೆ ಕೆಜಿ ಕಬ್ಬಿಣ ಎಂಬುದು ಕಟ್ಟಡ ಕೆಲಸದಲ್ಲಿ ಎಲ್ಲರೂ ಹಿಡಿಯುವ ಅಂದಾಜು. ಆ ಪ್ರಕಾರ 600 ಚದರ ಅಡಿಯ ಒಂದು ಮಹಡಿಗೆ 240 ಮೂಟೆ ಸಿಮೆಂಟು. ಅಲ್ಲಿಗೆ 7 ಟನ್ ಕಾರ್ಬನ್. ಕಬ್ಬಿಣ 2 ಟನ್ ದಾಟುತ್ತದೆ. ನಮ್ಮ ದೇಶದಲ್ಲಿ ಒಂದು ಟನ್ ಉಕ್ಕಿಗೆ ಎರಡೂವರೆ ಟನ್ ಆಸುಪಾಸು ಕಾರ್ಬನ್ ಬರುವುದರಿಂದ ಅಲ್ಲಿ ಇನ್ನೊಂದು 5 ಟನ್. ಇಟ್ಟಿಗೆ, ಟೈಲ್ಸು, ಪೇಂಟು, ಸಾಗಣೆ ಇನ್ನೂ ಸೇರಿಲ್ಲ. ಮೇಸ್ತ್ರಿ ಮೋಲ್ಡ್ ಹಾಕಿ ಮುಗಿಸುವಷ್ಟರಲ್ಲಿ ಒಬ್ಬ ಸಾಮಾನ್ಯ ಭಾರತೀಯ ಆರು ವರ್ಷದಲ್ಲಿ ಹೊರಸೂಸುವಷ್ಟು ಖರ್ಚಾಗಿರುತ್ತದೆ. ಯಾರೂ ಮಲಗದ ಕೋಣೆಗಳಿಗಾಗಿ.

ಅಲ್ಲಿಗೂ ಮುಗಿಯುವುದಿಲ್ಲ. ಕೋಣೆ ಇದ್ದರೆ ಅದಕ್ಕೊಂದು ಮಂಚ, ವಾರ್ಡ್‌ರೋಬು, ಫ್ಯಾನು, ಟಿವಿ ಬೇಕು. ಮೇಲಿನ ಮಹಡಿ ಬಿಸಿಲಿಗೆ ಕಾಯುವುದರಿಂದ ಎಸಿಯೂ ಬೇಕು. ಜಾಗವೇ ಸಾಮಾನನ್ನು ಕರೆಸಿಕೊಳ್ಳುತ್ತದೆ. ಹೆಂಚು ಹೊದಿಸಿದ ಹಳೇ ತೊಟ್ಟಿಮನೆಗಳಲ್ಲಿ ನಡುವಿನ ತೆರೆದ ತೊಟ್ಟಿಯಿಂದ ಗಾಳಿ ಆಡುತ್ತಿತ್ತು. ಈಗ ಸೈಟಿನ ಅಂಚಿನವರೆಗೂ ಗೋಡೆ ಎತ್ತಿ, ಮೇಲೊಂದು ಕಾಂಕ್ರೀಟ್ ಚಪ್ಪಡಿ ಹಾಕಿ, ಆಮೇಲೆ ಸೆಕೆ ಅಂತ ಯಂತ್ರ ತರುತ್ತೇವೆ.

ಹಾಗಾಗಿ ಮನೆ ಕಟ್ಟಿಸಬೇಕು ಅಂದುಕೊಂಡಿರುವವರಿಗೆ ನನ್ನ ಬೇಡಿಕೆ ಇದು. ಪ್ಲಾನ್ ಹಾಕಿಸುವಾಗಲೇ ಒಂದು ಕೋಣೆ ಕಮ್ಮಿ ಮಾಡಿ. ಹತ್ತು ವರ್ಷ ಬಟ್ಟೆ ಕೊಳ್ಳದೆ ಉಳಿಸುವುದಕ್ಕಿಂತ ಜಾಸ್ತಿ ಕಾರ್ಬನ್ ಆ ಒಂದೇ ಗೆರೆಯಲ್ಲಿ ಉಳಿಯುತ್ತದೆ. ಆಗಲೇ ಕಟ್ಟಿರುವವರು ಖಾಲಿ ಮಹಡಿಯನ್ನು ಬಾಡಿಗೆಗೆ ಕೊಡಬಹುದು. ಮೈಸೂರಿಗೆ ಓದಲು, ಕೆಲಸಕ್ಕೆ ಬರುವವರು ಕಮ್ಮಿಯೇನಿಲ್ಲ. ಅವರಿಗೆ ಕಟ್ಟಿದ ಕೋಣೆ ಸಿಕ್ಕರೆ ಊರಾಚೆ ಇನ್ನೊಂದು ಹೊಸ ಕಟ್ಟಡ ಏಳುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಗದ್ದೆ ಬಯಲು ಬಡಾವಣೆಯಾಗುವುದೂ ಸ್ವಲ್ಪ ನಿಧಾನವಾಗುತ್ತದೆ.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬದಲಿಸಬೇಕು

ಹಳೇದನ್ನೇ ಬಳಸಿ ಎಂಬುದು ಒಳ್ಳೆಯ ಮಾತು. ಆದರೆ ಎಲ್ಲದಕ್ಕೂ ಹೊಂದುವುದಿಲ್ಲ. ಕೆಲವು ಸಾಮಾನಿನ ಭಾರ ತಯಾರಿಕೆಯಲ್ಲಿರುತ್ತದೆ, ಕೆಲವದರ ಭಾರ ಬಳಕೆಯಲ್ಲಿರುತ್ತದೆ. ಈ ವ್ಯತ್ಯಾಸ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ಮೊಬೈಲ್ ತೆಗೆದುಕೊಳ್ಳಿ. ಚಾರ್ಜಿಗೆ ಅದು ತಿನ್ನುವ ಕರೆಂಟು ತೀರಾ ಕಮ್ಮಿ. ಐಫೋನಿನ ಒಟ್ಟು ಹೊರಸೂಸುವಿಕೆಯಲ್ಲಿ ಸುಮಾರು ಶೇ. 80 ತಯಾರಿಕೆಯದೇ ಎಂದು ಆ್ಯಪಲ್ ಕಂಪನಿಯ ವರದಿಗಳೇ ಹೇಳುತ್ತವೆ. ಅಂದರೆ ಎರಡು ವರ್ಷಕ್ಕೆ ಬದಲಿಸುವ ಫೋನನ್ನು ನಾಲ್ಕು ವರ್ಷ ಬಳಸಿದರೆ ವರ್ಷದ ಭಾರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಬ್ಯಾಟರಿ ಹೋದರೆ ಬ್ಯಾಟರಿ ಹಾಕಿಸಿ. ಗ್ಲಾಸು ಒಡೆದರೆ ಗ್ಲಾಸು ಹಾಕಿಸಿ.

ಬಟ್ಟೆಯೂ ಹಾಗೇ. ಒಂದು ಜೀನ್ಸ್ ಪ್ಯಾಂಟಿನ ಇಡೀ ಬಾಳಿಕೆಗೆ ಸುಮಾರು 33 ಕೆಜಿ ಎಂದು ಲೀವೈಸ್ ಕಂಪನಿ 2015ರಲ್ಲಿ ಲೆಕ್ಕ ಕೊಟ್ಟಿತ್ತು. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಗೆಯುವ, ಮೆಷಿನ್ನಿನಲ್ಲಿ ಒಣಗಿಸುವ ಖರ್ಚು. ನಮ್ಮ ಕಡೆ ಬಟ್ಟೆ ತಾರಸಿಯ ತಂತಿ ಮೇಲೆ ಒಣಗುತ್ತದೆ. ಹಾಗಾಗಿ ನಮಗೆ ಕೊಳ್ಳುವ ಹೊತ್ತೇ ಮುಖ್ಯ. ಮೈಸೂರು ರೇಷ್ಮೆ ಸೀರೆ ಇಲ್ಲಿ ನೆನಪಾಗುತ್ತದೆ. 1912ರಲ್ಲಿ ಶುರುವಾದ ಕಾರ್ಖಾನೆಯಿಂದ ಬಂದ ಸೀರೆಗಳನ್ನು ಅಜ್ಜಿ, ಅಮ್ಮ, ಮಗಳು ಮೂರು ತಲೆ ಉಡುವುದು ಈ ಊರಿನಲ್ಲಿ ಮಾಮೂಲು. ದುಬಾರಿಯಾದ ಒಂದು ಬಟ್ಟೆ ಹೀಗೆ ಬಾಳಿದರೆ ಅದು ಅಗ್ಗದ ಹತ್ತು ಬಟ್ಟೆಗಿಂತ ಹಗುರ.

ಫ್ಯಾನಿನ ಲೆಕ್ಕ ಉಲ್ಟಾ. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ. ಈಗ ಬರುವ, ಬ್ರಷ್ ಇಲ್ಲದ ಮೋಟಾರಿನ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ದಿನಕ್ಕೆ 12 ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗಿದರೆ ಉಳಿಯುವುದು 160 ಯೂನಿಟ್. ಅಂದರೆ ವರ್ಷಕ್ಕೆ 110 ಕೆಜಿ. ಇಲ್ಲಿ ಹಳೇದಕ್ಕೆ ಅಂಟಿಕೊಂಡರೆ ನಷ್ಟ. ಆದರೆ ಎಲ್ಲ ಫ್ಯಾನನ್ನೂ ಒಟ್ಟಿಗೆ ಬಿಚ್ಚಿ ಹಾಕಬೇಕಿಲ್ಲ. ಹಗಲು ರಾತ್ರಿ ತಿರುಗುವ ಹಾಲ್‌ನದನ್ನು, ಮಲಗುವ ಕೋಣೆಯದನ್ನು ಮೊದಲು ಬದಲಿಸಿ. ನೆಂಟರು ಬಂದಾಗ ಮಾತ್ರ ತಿರುಗುವ ಫ್ಯಾನು ಅಲ್ಲೇ ಇರಲಿ.

ಫ್ರಿಡ್ಜಿನ ವಿಷಯದಲ್ಲೂ ವಯಸ್ಸು ನೋಡಬೇಕು. ಈಗಿನ ಸಣ್ಣ ಫ್ರಿಡ್ಜಿನ ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ 150ರಿಂದ 200 ಯೂನಿಟ್ ಅಂತ ಇರುತ್ತದೆ. ತುಂಬಾ ಹಳೇದು ಇದಕ್ಕಿಂತ ಎಷ್ಟೋ ಜಾಸ್ತಿ ತಿನ್ನುತ್ತದೆ. ನಿಜವಾದ ತೊಂದರೆ ಬೇರೆ. ಹೊಸದು ತಂದ ಮೇಲೆ ಹಳೇದನ್ನು ನೀರಿನ ಬಾಟಲಿ ಇಡಲಿಕ್ಕೆ ಅಂತ ಇನ್ನೊಂದು ಕೋಣೆಯಲ್ಲಿ ಓಡಿಸುವುದು. ಆಗ ಉಳಿತಾಯ ಹೋಯಿತು, ಖರ್ಚು ಎರಡಾಯಿತು.

ಎಸಿ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮೈಸೂರು ಎಂದರೆ ತಂಪು ಊರು ಎಂಬ ಕಾಲ ಹಿಂದಾಯಿತು. ಏಪ್ರಿಲ್‌ನಲ್ಲಿ ವಯಸ್ಸಾದವರು, ಕಾಯಿಲೆಯವರು ಇರುವ ಮನೆಗೆ ಎಸಿ ಬೇಡ ಅನ್ನುವ ಧೈರ್ಯ ನನಗಿಲ್ಲ. ಗಂಟೆಗೆ ಒಂದು ಯೂನಿಟ್ ಅಂತ ಹಿಡಿದರೆ, ರಾತ್ರಿ 8 ಗಂಟೆಯಂತೆ ಮೂರು ತಿಂಗಳಿಗೆ 700 ಯೂನಿಟ್ ದಾಟುತ್ತದೆ. ಅಂದರೆ ಅರ್ಧ ಟನ್ ಕಾರ್ಬನ್. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಕರೆಂಟು ಉಳಿಯುತ್ತದೆ ಎಂದು ಇಂಧನ ದಕ್ಷತೆ ಬ್ಯೂರೊ ಹೇಳುತ್ತದೆ. 2020ರಿಂದ ಹೊಸ ಎಸಿಗಳು ಶುರುವಾಗುವುದೇ 24 ಡಿಗ್ರಿಯಲ್ಲಿ. ಇದಲ್ಲದೆ ಒಳಗಿನ ಗ್ಯಾಸ್ ಇದೆ. ಆರ್-32 ಎಂಬ ಗ್ಯಾಸ್ ಒಂದು ಕೆಜಿ ಸೋರಿದರೆ ಅದು 675 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ. ಅದಕ್ಕೂ ಹಿಂದಿನ ಆರ್-410ಎ ಆದರೆ 2,000 ಕೆಜಿ ಮೀರುತ್ತದೆ. ಎಸಿಯನ್ನು ಗುಜರಿಗೆ ಕೊಟ್ಟಾಗ ತಾಮ್ರದ ಆಸೆಗೆ ಪೈಪು ಕತ್ತರಿಸುತ್ತಾರೆ, ಗ್ಯಾಸು ಗಾಳಿಗೆ ಹೋಗುತ್ತದೆ. ಮನೆಯಲ್ಲಿರುವ ಎಸಿಯನ್ನು ಚೆನ್ನಾಗಿ ನೋಡಿಕೊಂಡು ಹೆಚ್ಚು ವರ್ಷ ಬಳಸುವುದು, ಬಿಚ್ಚುವಾಗ ಗ್ಯಾಸ್ ಹಿಡಿದಿಡಬಲ್ಲ ಮೆಕ್ಯಾನಿಕ್ಕನ್ನು ಕರೆಸುವುದು, ತಾರಸಿಗೆ ಬಿಳಿ ಬಣ್ಣ ಹೊಡೆಸಿ ಎಸಿ ಓಡುವ ಗಂಟೆ ಇಳಿಸುವುದು. ಇವು ಮೂರೂ ನಮ್ಮ ಕೈಯಲ್ಲಿವೆ.

ಗೃಹಜ್ಯೋತಿ ಯೋಜನೆಯ ಬಗ್ಗೆಯೂ ಒಂದು ಮಾತು. 2023ರಿಂದ ಜಾರಿಯಾದ ಈ ಯೋಜನೆಯಲ್ಲಿ ಆ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ದಾಟಿದರೆ ಹೆಚ್ಚುವರಿಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ಬಿಟ್ಟಿ ಕೊಟ್ಟರೆ ಜನ ಬೇಕಾಬಿಟ್ಟಿ ಬಳಸುತ್ತಾರೆ ಎಂದು ಟೀಕಿಸಿದವರಿದ್ದರು. ಆದರೆ ಮಿತಿ ಹತ್ತಿರ ಇರುವ ಮನೆಗಳಿಗೆ ಮೀಟರ್ ನೋಡುವ ಕಾರಣವೊಂದು ಸಿಕ್ಕಿತು. 190 ಯೂನಿಟ್ ಬಳಸುವ ಮನೆಗೆ ಇನ್ನೊಂದು ಯಂತ್ರ ತರುವ ಮುಂಚೆ ಯೋಚಿಸಬೇಕಾಗುತ್ತದೆ. ಮಿತಿಗಿಂತ ತುಂಬಾ ಕೆಳಗಿರುವವರಿಗೆ ಮಾತ್ರ ಉಳಿಸಿದರೆ ಏನೂ ಸಿಗುವುದಿಲ್ಲ. ಕಮ್ಮಿ ಬಳಸಿದವರಿಗೆ ಒಂದು ಸಣ್ಣ ಬಹುಮಾನ ಸೇರಿಸಿದ್ದರೆ ಈ ಯೋಜನೆ ಹವಾಮಾನಕ್ಕೂ ನೆರವಾಗುತ್ತಿತ್ತು.

ಕಾರಿನ ವಿಷಯ ಚುಟುಕಾಗಿ ಹೇಳಿಬಿಡಬಹುದು. ಮೈಸೂರಿನಿಂದ ಬೆಂಗಳೂರಿಗೆ ಒಬ್ಬರೇ ಕಾರಿನಲ್ಲಿ ಹೋಗಿ ಬಂದರೆ 19 ಲೀಟರ್ ಪೆಟ್ರೋಲ್, 44 ಕೆಜಿ ಕಾರ್ಬನ್. ಒಂದಿಡೀ ಸಿಲಿಂಡರ್ ಉರಿಸಿದ್ದಕ್ಕೂ ಜಾಸ್ತಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬೆಳಿಗ್ಗೆ ಹೋಗಿ ಸಂಜೆ ಬರುವುದು ಸಲೀಸಾಯಿತು. ಅದೇ ದಾರಿಯ ಪಕ್ಕದಲ್ಲಿ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದಲ್ಲಿ ನಿಲ್ಲುತ್ತಾ ಹೋಗುವ ರೈಲುಗಳಿವೆ. ಜೋಡಿ ಹಳಿ ಇದೆ, ಕರೆಂಟಿನ ಮಾರ್ಗ ಇದೆ. ರೈಲಿನಲ್ಲಿ ಒಬ್ಬರ ತಲೆಗೆ ಬೀಳುವ ಭಾರ ಕಾರಿನದರ ಸಣ್ಣ ಪಾಲು. ಎರಡನೇ ಕಾರು ಕೊಳ್ಳದಿರುವುದು ಮನೆಯಲ್ಲಿರುವ ನೂರು ಸಾಮಾನು ಕಮ್ಮಿ ಮಾಡಿದ್ದಕ್ಕಿಂತ ದೊಡ್ಡದು.

ತಟ್ಟೆ, ಮುಯ್ಯಿ, ಬೀಗರೂಟ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ ಭಾರತದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ 55 ಕೆಜಿ ಆಹಾರ ವ್ಯರ್ಥವಾಗುತ್ತದೆ. ಜಗತ್ತಿನ ಸರಾಸರಿ 79 ಕೆಜಿ. ನಾವು ಸರಾಸರಿಗಿಂತ ಮೇಲು ಅಂತ ಸಮಾಧಾನ ಪಡಬಹುದು. ಆದರೂ ನಾಲ್ಕು ಜನರ ಮನೆಗೆ 220 ಕೆಜಿ ಆಯಿತು. ಜಗತ್ತಿನಲ್ಲಿ ಹೊಲದಿಂದ ತಟ್ಟೆಯವರೆಗೆ ಹಾಳಾಗುವ ಆಹಾರದಿಂದ ಒಟ್ಟು ಹಸಿರುಮನೆ ಅನಿಲದಲ್ಲಿ ಶೇ. 8ರಿಂದ 10 ಬರುತ್ತದೆ. ಅನ್ನಕ್ಕೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ನೀರು ನಿಂತ ಗದ್ದೆಯ ಮಣ್ಣಿನಿಂದ ಮೀಥೇನ್ ಏಳುತ್ತದೆ. ಅದು ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಅದೇ ಅನ್ನ ಚೆಲ್ಲಿ ಕಸದ ಗುಡ್ಡೆಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮತ್ತೆ ಮೀಥೇನ್. ಒಂದೇ ಅನ್ನಕ್ಕೆ ಎರಡು ಸಲ ದಂಡ.

ಮಂಡ್ಯ ಸೀಮೆಯ ಮುದ್ದೆ ಈ ದೃಷ್ಟಿಯಿಂದಲೂ ಒಳ್ಳೆಯ ಊಟ. ರಾಗಿಗೆ ನಿಂತ ನೀರು ಬೇಡ, ಮಳೆಯಲ್ಲೇ ಬೆಳೆಯುತ್ತದೆ. ಮಾಂಸದ ವಿಷಯ ಬಂದರೆ ಕೆಲವರಿಗೆ ಬೇಸರವಾಗುತ್ತದೆ. ಆದರೂ ಹೇಳಬೇಕು. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಜಾಗತಿಕ ಅಧ್ಯಯನದಲ್ಲಿ ಒಂದು ಕೆಜಿ ಕುರಿ ಮಾಂಸಕ್ಕೆ ಸರಾಸರಿ 40 ಕೆಜಿ, ಕೋಳಿಗೆ 10 ಕೆಜಿ, ಕಾಳುಗಳಿಗೆ 2 ಕೆಜಿಗೂ ಕಮ್ಮಿ ಹಸಿರುಮನೆ ಅನಿಲ ಲೆಕ್ಕಕ್ಕೆ ಬಂತು. ಬಯಲಲ್ಲಿ ಮೇಯುವ ನಮ್ಮ ಕುರಿಗಳಿಗೆ ಅದೇ ಅಂಕಿ ಹೊಂದಬೇಕೆಂದಿಲ್ಲ, ಆದರೆ ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುವುದು ಎಲ್ಲ ಕಡೆಯೂ ಒಂದೇ. ಭಾನುವಾರದ ಬಾಡೂಟ ಬಿಡಿ ಅಂತ ಯಾರಿಗೂ ಹೇಳುತ್ತಿಲ್ಲ. ಬೀಗರೂಟದಲ್ಲಿ ಎಲೆ ತುಂಬಾ ಬಡಿಸಿ, ಅರ್ಧ ಎಲೆಯಲ್ಲೇ ಬಿಟ್ಟು ಏಳುವುದನ್ನು ಮಾತ್ರ ಒಪ್ಪಲಾರೆ. ಪ್ರಾಣಿಯ ಜೀವಕ್ಕೂ, ಸಾಲ ಮಾಡಿ ಉಣ್ಣಿಸಿದವರ ಬೆವರಿಗೂ ಅದು ಅವಮಾನ.

ಮದುವೆ, ಗೃಹಪ್ರವೇಶದಲ್ಲಿ ಮನೆಗೆ ನುಗ್ಗುವ ಸಾಮಾನೂ ಕಮ್ಮಿಯಲ್ಲ. ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮಕ್ಕೆ ಹೋದರೆ ಪ್ರತಿ ಮನೆಯಲ್ಲೂ ಒಂದು ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಬುಟ್ಟಿ. ಕೊಡುವವರಿಗೂ ಹೊರೆ, ತೆಗೆದುಕೊಂಡವರಿಗೂ ಹೊರೆ. ಮಂಡ್ಯದ ಹಳ್ಳಿಗಳಲ್ಲಿ ಮುಯ್ಯಿ ಪುಸ್ತಕ ಇಟ್ಟುಕೊಂಡು ದುಡ್ಡು ಬರೆಸಿಕೊಳ್ಳುತ್ತಾರೆ. ಪೇಟೆಯವರು ಅದನ್ನು ಕೀಳಾಗಿ ನೋಡುವುದುಂಟು. ನನಗೆ ಆ ಪದ್ಧತಿಯೇ ಸರಿ ಅನ್ನಿಸುತ್ತದೆ. ಕಷ್ಟದ ಖರ್ಚಿಗೆ ಊರೆಲ್ಲ ಕೈ ಹಾಕುತ್ತದೆ, ಯಾರ ಸಜ್ಜವೂ ತುಂಬುವುದಿಲ್ಲ. ಇನ್ನೂ ಸರಳವಾಗಿ ಮಂತ್ರಮಾಂಗಲ್ಯ ಮಾಡಿಕೊಂಡ ಎಷ್ಟೋ ಜೋಡಿಗಳು ನಮ್ಮ ನಡುವೆ ಚೆನ್ನಾಗಿಯೇ ಬಾಳುತ್ತಿವೆ.

ಹಂಚಿಕೊಳ್ಳುವ, ರಿಪೇರಿ ಮಾಡುವ ಜಾಗಗಳು

2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಪ್ರಧಾನಿ ನರೇಂದ್ರ ಮೋದಿ 'ಲೈಫ್' ಎಂಬ, ಪರಿಸರಕ್ಕೆ ಹೊಂದುವ ಜೀವನಶೈಲಿ ಅಭಿಯಾನದ ಮಾತೆತ್ತಿದರು. 2022ರ ಅಕ್ಟೋಬರಿನಲ್ಲಿ ಗುಜರಾತಿನಲ್ಲಿ ಅದಕ್ಕೆ ಚಾಲನೆಯೂ ಸಿಕ್ಕಿತು. ಜನರ ಬಳಕೆ ಬದಲಾಗಬೇಕು ಎಂಬ ಮಾತಿಗೆ ಐಪಿಸಿಸಿಯ ಬೆಂಬಲವೂ ಇದೆ. ಬೇಡಿಕೆಯ ಕಡೆಯಿಂದ ಕೆಲಸ ಮಾಡಿದರೆ 2050ರ ಹೊತ್ತಿಗೆ ಮನೆ, ಓಡಾಟ, ಊಟದಂಥ ಬಳಕೆಯ ವಲಯಗಳ ಹೊರಸೂಸುವಿಕೆಯನ್ನು ಶೇ. 40ರಿಂದ 70ರಷ್ಟು ಇಳಿಸಬಹುದು ಎಂದು ಅದು ಅಂದಾಜಿಸಿದೆ. ಆದರೆ ಅದೇ ವರದಿ ಇನ್ನೊಂದನ್ನೂ ಒತ್ತಿ ಹೇಳುತ್ತದೆ. ಜನ ಮನಸ್ಸು ಮಾಡಿದರೆ ಮಾತ್ರ ಸಾಲದು, ಅದಕ್ಕೆ ಬೇಕಾದ ವ್ಯವಸ್ಥೆ ಊರಿನಲ್ಲಿ ಇರಬೇಕು. ಬಸ್ಸಿಲ್ಲದ ಬಡಾವಣೆಯವರಿಗೆ ಸ್ಕೂಟರ್ ಬಿಡಿ ಅಂದರೆ ಆಗುತ್ತದೆಯೇ?

ನಮ್ಮಲ್ಲಿ ಇಂಥ ವ್ಯವಸ್ಥೆಗಳು ಇದ್ದವು, ಈಗಲೂ ಕೆಲವಿವೆ. ಶಾಮಿಯಾನ ಅಂಗಡಿ ನೋಡಿ. ನೂರು ಜನಕ್ಕೆ ಅಡುಗೆ ಮಾಡುವ ಪಾತ್ರೆ, ಕುರ್ಚಿ, ಒಲೆ ಯಾರೂ ಮನೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ. ಒಂದು ಅಂಗಡಿಯ ಸಾಮಾನು ವರ್ಷವಿಡೀ ನೂರಾರು ಮನೆಗೆ ಓಡಾಡುತ್ತದೆ. ಎಷ್ಟೋ ಹಳ್ಳಿಗಳಲ್ಲಿ ದೇವಸ್ಥಾನದ ಹಂಡೆ, ಕೊಪ್ಪರಿಗೆ ಊರಿನ ಎಲ್ಲರ ಮನೆ ಕಾರ್ಯಕ್ಕೂ ಬರುತ್ತಿದ್ದವು. ಇದೇ ತತ್ವದ ಮೇಲೆ 2017ರಲ್ಲಿ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಸೇವೆ ಶುರುವಾಯಿತು. ಗೋಡೆಗೆ ತೂತು ಕೊರೆಯುವ ಡ್ರಿಲ್ಲು, ಎತ್ತರದ ಏಣಿ, ಪ್ರೆಷರ್ ವಾಷರ್, ಮಗುವಿನ ತೊಟ್ಟಿಲು ಇವೂ ಬೀದಿಗೊಂದು ಇದ್ದರೆ ಸಾಕು. ವಾರ್ಡಿನ ಸಮುದಾಯ ಭವನದಲ್ಲಿ ಒಂದು ಕೋಣೆ ಕೊಟ್ಟು, ಒಬ್ಬರಿಗೆ ಸಂಬಳ ಕೊಟ್ಟು ಪಾಲಿಕೆ ಇದನ್ನು ನಡೆಸಬಹುದು. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಲ್ಲಿ ಕಸ ವಿಂಗಡಿಸಿ ಗೊಬ್ಬರ ಮಾಡಿ, ಪ್ಲಾಸ್ಟಿಕ್ ಮಾರಿ ತೋರಿಸಿದ ಊರಿಗೆ ಇದು ಕಷ್ಟದ ಕೆಲಸವಲ್ಲ. 2015, 2016ರಲ್ಲಿ ದೇಶದಲ್ಲೇ ಸ್ವಚ್ಛ ನಗರ ಎನ್ನಿಸಿಕೊಂಡಿದ್ದಕ್ಕೆ ಜನರ ಸಹಕಾರವೇ ಬಲ. ಕಸ ಗುಡಿಸುವುದರಲ್ಲಿ ತೋರಿಸಿದ ಆ ಶ್ರದ್ಧೆಯನ್ನು ಕಸವೇ ಆಗದಂತೆ ನೋಡಿಕೊಳ್ಳುವುದರಲ್ಲೂ ತೋರಿಸಬಹುದು.

2023ರ ಮೇ ತಿಂಗಳಲ್ಲಿ ದೇಶದ ನಗರಗಳಲ್ಲಿ ಹಳೇ ಬಟ್ಟೆ, ಪುಸ್ತಕ, ಆಟದ ಸಾಮಾನು ತಂದುಕೊಡುವ ಕೇಂದ್ರಗಳನ್ನು ತೆರೆಯುವ ಅಭಿಯಾನ ನಡೆಯಿತು. ಒಳ್ಳೆಯ ಯೋಚನೆ. ಇಂಥವು ಅಭಿಯಾನದ ಮೂರು ವಾರಕ್ಕೆ ಮುಗಿಯಬಾರದು, ಅಷ್ಟೇ. ಮರುಬಳಕೆಗೆ ಖಾಯಂ ಜಾಗ ಬೇಕು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದ ಕಾಲದಲ್ಲಿ ಎಷ್ಟು ವಿದ್ಯಾರ್ಥಿಗಳು ಸೆಕೆಂಡ್‌ಹ್ಯಾಂಡ್ ಪುಸ್ತಕದಲ್ಲೇ ಓದು ಮುಗಿಸಿದರು! 2012ರಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು, ಅಂಗಡಿಗಳು ಖಾಲಿಯಾದವು. ಒಂದು ಜಾಗ ಹೋದರೆ ಅದರ ಜೊತೆ ಒಂದು ಅಭ್ಯಾಸವೂ ಹೋಗುತ್ತದೆ.

ರಿಪೇರಿಯದೂ ಇದೇ ಕಥೆ. ಫ್ಯಾನ್ ನಿಧಾನವಾಯಿತು ಎಂದರೆ ಬಹಳ ಸಲ ಕಂಡೆನ್ಸರ್ ಹೋಗಿರುತ್ತದೆ. ಅಗ್ಗದ ಬಿಡಿಭಾಗ, ಹತ್ತು ನಿಮಿಷದ ಕೆಲಸ. ಮಿಕ್ಸಿ ಮೋಟಾರು ಸುಟ್ಟರೆ ವೈಂಡಿಂಗ್ ಮಾಡಿಸಬಹುದು. ಮಂಡ್ಯದ ಪೇಟೆ ಬೀದಿ ಕಡೆಯಾಗಲಿ, ಮೈಸೂರಿನ ಮಂಡಿ ಮೊಹಲ್ಲಾ ಕಡೆಯಾಗಲಿ ಈ ಕೈಕೆಲಸ ಬಲ್ಲವರು ಇನ್ನೂ ಇದ್ದಾರೆ. ಅವರ ಮಕ್ಕಳು ಈ ಕೆಲಸಕ್ಕೆ ಬರುತ್ತಿಲ್ಲ, ಬಿಡಿಭಾಗ ಸಿಗುತ್ತಿಲ್ಲ. ಕಂಪನಿಗಳು ಬಿಡಿಭಾಗ, ಕೈಪಿಡಿ ಒದಗಿಸಬೇಕು ಎಂಬ ಉದ್ದೇಶದಿಂದ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಮಾಹಿತಿ ಸಿಗುವುದು ಮೊದಲ ಹೆಜ್ಜೆ. ಇಷ್ಟು ವರ್ಷ ಬಿಡಿಭಾಗ ಕೊಡಲೇಬೇಕು ಎಂಬ ಕಡ್ಡಾಯ ಕಾನೂನು ಬರದೆ ಹಳೇ ಸಾಮಾನಿನ ಆಯಸ್ಸು ಹೆಚ್ಚುವುದು ಕಷ್ಟ.

ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ

ಕೊನೆಯ ಒಂದು ತೊಡಕನ್ನು ಬಿಟ್ಟರೆ ಈ ಲೆಕ್ಕ ಪೂರ್ತಿಯಾಗುವುದಿಲ್ಲ. ಸಾಮಾನು ಕೊಳ್ಳದೆ ಉಳಿದ ದುಡ್ಡು ಸುಮ್ನೆ ಕೂರುವುದಿಲ್ಲ. ಬಟ್ಟೆ, ಪೀಠೋಪಕರಣ ಬೇಡ ಅಂತ ಉಳಿಸಿದ 40 ಸಾವಿರದಲ್ಲಿ ಇಡೀ ಕುಟುಂಬ ವಿಮಾನ ಹತ್ತಿ ಪ್ರವಾಸ ಹೋದರೆ ಉಳಿಸಿದ್ದೆಲ್ಲ ಆಕಾಶದಲ್ಲೇ ಕರಗುತ್ತದೆ. ಸಾಮಾನು ಕಮ್ಮಿ ಮಾಡಿ, ಅನುಭವಕ್ಕೆ ಖರ್ಚು ಮಾಡಿ ಎಂಬ ಸಲಹೆ ಇತ್ತೀಚೆಗೆ ಚಾಲ್ತಿಯಲ್ಲಿದೆ. ಹವಾಮಾನದ ಮಟ್ಟಿಗೆ ಅದು ಯಾವ ಅನುಭವ ಎಂಬುದರ ಮೇಲೆ ನಿಂತಿದೆ. ರಂಗಾಯಣದ ನಾಟಕವೂ ಅನುಭವವೇ, ವಿದೇಶದ ಬೀಚೂ ಅನುಭವವೇ.

ಹಾಗಾಗಿ ಉಳಿದ ದುಡ್ಡಿಗೆ ಮೊದಲೇ ಒಂದು ದಾರಿ ಮಾಡಬೇಕು. ಸ್ವಂತ ಮನೆಯಿದ್ದು ತಾರಸಿಗೆ ನೆರಳು ಬೀಳದಿದ್ದರೆ ಸೋಲಾರ್ ಒಳ್ಳೆಯ ದಾರಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟಿನಿಂದ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. 3 ಕಿಲೋವ್ಯಾಟ್ ಹಾಕಿದರೆ ವರ್ಷಕ್ಕೆ 4,000 ಯೂನಿಟ್ ದಾಟಬಹುದು, ಮೂರು ಟನ್ ಆಸುಪಾಸು ಕಾರ್ಬನ್ ತಪ್ಪುತ್ತದೆ. ಮನೆ ಬಳಸಿ ಮಿಕ್ಕಿದ್ದು ನಮ್ಮ ಭಾಗಕ್ಕೆ ಕರೆಂಟು ಕೊಡುವ ಸೆಸ್ಕ್ ಕಂಪನಿಯ ಜಾಲಕ್ಕೆ ಹೋಗುತ್ತದೆ. ಗೃಹಜ್ಯೋತಿ ಇರುವ ಮನೆಗೆ ಸೋಲಾರಿನಿಂದ ಬಿಲ್ಲಿನಲ್ಲಿ ಲಾಭ ಕಾಣುವುದಿಲ್ಲ ಎಂಬುದು ನಿಜ. ತಿಂಗಳಿಗೆ 300-400 ಯೂನಿಟ್ ಬಳಸುವ ದೊಡ್ಡ ಮನೆಗಳಿಗೆ ಮಾತ್ರ ಇದು ದುಡ್ಡಿನ ಲೆಕ್ಕದಲ್ಲೂ ಗೆಲ್ಲುತ್ತದೆ. ಮೊದಲು ಬದಲಾಗಬೇಕಾದವರೂ ಅವರೇ ಅಲ್ವಾ?

ಬಾಡಿಗೆ ಮನೆಯವರಿಗೆ ತಾರಸಿ ಕೈಯಲ್ಲಿಲ್ಲ. ಅವರು ಬಿಎಲ್‌ಡಿಸಿ ಫ್ಯಾನ್ ಹಾಕಿಸಿಕೊಳ್ಳಬಹುದು, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ನೀರು ಕಾಯಿಸಲು ತಾರಸಿ ಮೇಲೆ ಸೋಲಾರ್ ಹೀಟರ್ ಇರುವ ಮನೆಯನ್ನೇ ಹುಡುಕಬಹುದು, ಮೈಸೂರಿನಲ್ಲಿ ಅಂಥವು ಬೇಕಾದಷ್ಟಿವೆ. ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ದಿನಕ್ಕೊಂದು ಯೂನಿಟ್ ಉಳಿದರೂ ವರ್ಷಕ್ಕೆ 250 ಕೆಜಿ. ಕೆಲಸದ ಜಾಗಕ್ಕೆ ಹತ್ತಿರ ಮನೆ ಹಿಡಿದರೆ ಇನ್ನೂ ಒಳ್ಳೆಯದು. ಬಾಡಿಗೆ ಒಂದೆರಡು ಸಾವಿರ ಜಾಸ್ತಿಯಾದರೂ ಒಂದು ವಾಹನ ಕಮ್ಮಿಯಾಗುತ್ತದೆ. ಸಾಮಾನು ಕಮ್ಮಿ ಇದ್ದವರಿಗೆ ಹಾಗೆ ಮನೆ ಬದಲಿಸುವುದು ಸುಲಭ, ಒಂದೇ ಟೆಂಪೊ ಸಾಕಾಗುತ್ತದೆ.